ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ!

"ಕಿವಿ ಪರೀಕ್ಷೆಯಲ್ಲಿ ಎಲ್ಲಾ ನಾರ್ಮಲ್ ಅಂದ್ರು. ಆದ್ರೆ ಮದುವೆ ಮನೆಯಲ್ಲಿ, ಲೋಕಲ್ ಟ್ರೇನಿನಲ್ಲಿ ಪಕ್ಕದವರ ಮಾತೇ ತಿಳಿಯಲ್ಲ" ಎನ್ನುವವರನ್ನು ನೀವೂ ಕಂಡಿರಬಹುದು. ಮನೆಯವರು "ನಿನಗೆ ಗಮನವೇ ಇಲ್ಲ" ಎಂದು ಗದರುತ್ತಾರೆ. ಈ ದೂರನ್ನು ವೈದ್ಯರು ಅರ್ಥಮಾಡಿಕೊಳ್ಳುವುದಕ್ಕೂ ದಶಕಗಳೇ ಬೇಕಾದವು.

ಸಾಮಾನ್ಯ ಪರೀಕ್ಷೆ ಹೇಗಿರುತ್ತದೆ? ನಿಶ್ಶಬ್ದವಾದ ಕೋಣೆ, ಕಿವಿಗೆ ಹೆಡ್‌ಫೋನ್. 'ಪೀಂ' ಎಂಬ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಎಷ್ಟು ಮೆಲ್ಲಗಿನ ಸದ್ದು ಕೇಳುತ್ತದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಗದ್ದಲದ ನಡುವೆ ಒಬ್ಬರ ಮಾತನ್ನು ಹೆಕ್ಕಿ ತೆಗೆಯುವುದು ಬೇರೆಯೇ ಕೆಲಸ. ಅದರಲ್ಲಿ ಮಿದುಳಿನ ಪಾಲು ದೊಡ್ಡದು.

1953ರಲ್ಲಿ ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ ಒಂದು ಪ್ರಯೋಗ ಪ್ರಕಟಿಸಿದರು. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಗಮನಿಸಲು ಹೇಳಿದರು. ಇನ್ನೊಂದು ಕಿವಿಗೆ ಬಿದ್ದದ್ದು ಯಾವ ಭಾಷೆ ಎನ್ನುವುದೂ ಕೇಳುಗರಿಗೆ ತಿಳಿಯಲಿಲ್ಲ!

ಮರುವರ್ಷ ಇಟಲಿಯ ಬೊಕ್ಕಾ, ಕಲೆಯಾರೊ ಮತ್ತು ಸಂಗಡಿಗರು ಮಿದುಳಿನ ಪಕ್ಕದ ಭಾಗದಲ್ಲಿ ಗಡ್ಡೆಯಿದ್ದ ರೋಗಿಗಳನ್ನು ಪರೀಕ್ಷಿಸಿದರು. ಸದ್ದಿನ ಪರೀಕ್ಷೆಯಲ್ಲಿ ಸರಿಯಾಗಿದ್ದವರು, ಅಸ್ಪಷ್ಟಗೊಳಿಸಿದ ಮಾತಿನ ಪರೀಕ್ಷೆಯಲ್ಲಿ ಎಡವಿದರು. ಅದೇ 1954ರಲ್ಲಿ ಬ್ರಿಟನ್ನಿನ ಕಿಂಗ್ ಎಂಬ ವೈದ್ಯರ ಲೇಖನವೂ ಬಂತು. ಅದರ ಶೀರ್ಷಿಕೆ 'ಮಾನಸಿಕ ಕಿವುಡು' ಎಂಬ ಅರ್ಥದ್ದು. ಯಂತ್ರ ಸರಿ ಎಂದರೆ ದೋಷ ಮನಸ್ಸಿನದು ಎಂಬ ಅನುಮಾನ ಬಹುಕಾಲ ಉಳಿಯಿತು. 1992ರಲ್ಲಿ ಈ ತೊಂದರೆಗೆ 'ಕಿಂಗ್-ಕೊಪೆಟ್ಸ್ಕಿ ಸಿಂಡ್ರೋಮ್' ಎಂಬ ಹೆಸರು ಬಂತು.

2009ರಲ್ಲಿ ಅಮೆರಿಕದ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇನ್ನೊಂದು ಸುಳಿವು ಕೊಟ್ಟರು. ಇಲಿಗಳಿಗೆ 2 ಗಂಟೆ ಜೋರು ಸದ್ದು ಕೇಳಿಸಿದರು. ಕೆಲವೇ ವಾರಗಳಲ್ಲಿ ಅವುಗಳ ಶ್ರವಣ ಪರೀಕ್ಷೆ ಮತ್ತೆ ನಾರ್ಮಲ್ ಆಯಿತು. ಆದರೆ ಒಳಗಿವಿಯ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಕೆಲವೆಡೆ ಅರ್ಧದಷ್ಟು ಕಳಚಿಹೋಗಿದ್ದವು. ಮನುಷ್ಯರಲ್ಲಿ ಇದರ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ.

ನಮ್ಮ ಮೈಸೂರಿನಲ್ಲಿ 1966ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲೇ ಮಾತಿನ ಪರೀಕ್ಷೆಗಳನ್ನು ರೂಪಿಸಿದೆ. ಹೊರನಾಡ ಕನ್ನಡಿಗರಿಗೆ ಇದು ಮುಖ್ಯ: ಚೆನ್ನಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ ತಪ್ಪುವುದು ಕಿವಿಯೋ ಭಾಷೆಯೋ ಹೇಳುವುದು ಕಷ್ಟ. ಆದ್ದರಿಂದ ರಿಪೋರ್ಟ್ ನಾರ್ಮಲ್ ಬಂದರೂ ತೊಂದರೆ ಇದ್ದರೆ, "ಗದ್ದಲದಲ್ಲಿ ಮಾತು ಕೇಳುವ ಪರೀಕ್ಷೆ ಇದೆಯೇ, ನನಗೆ ಬರುವ ಭಾಷೆಯಲ್ಲಿ ಮಾಡುತ್ತೀರಾ?" ಎಂದು ಆಡಿಯಾಲಜಿಸ್ಟರನ್ನು ಕೇಳಿ. ಮನೆಯವರೂ ಗದರುವ ಮೊದಲು ಟೀವಿ ಸದ್ದು ತಗ್ಗಿಸಿ, ಎದುರು ನಿಂತು ಮಾತಾಡಿ ನೋಡಿ.