‘ವಾಕರ್’ ಹಡಗಿನ ಎರಡು ಯುದ್ಧಗಳು

ಡಿಸ್ಟ್ರಾಯರ್ ಎಂಬ ಮಾತು ಯುದ್ಧವಾರ್ತೆಗಳಲ್ಲಿ ನಮ್ಮ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಮೊದಲು ಅದರ ಪೂರ್ಣ ಹೆಸರು ‘ಟಾರ್ಪೆಡೊ ಬೋಟ್ ಡಿಸ್ಟ್ರಾಯರ್’. ದೊಡ್ಡ ಯುದ್ಧನೌಕೆಗಳ ಬಳಿ ನುಸುಳುವ ಟಾರ್ಪೆಡೊ ದೋಣಿಗಳನ್ನು ಬಡಿದಟ್ಟುವುದೇ ಅದರ ಕೆಲಸ. ಕಾಲಕ್ರಮದಲ್ಲಿ ಸಮಾಸದ ಪೂರ್ವಪದಗಳು ಲೋಪವಾಗಿ, ನಾಶವನ್ನು ಹೇಳುವ ಪದವೊಂದೇ ಉಳಿಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಈ ಜಾತಿಯ ಹಳೆಯ ಹಡಗುಗಳ ಪಾಲಿಗೆ ಬಂದದ್ದು ಬಹುಮಟ್ಟಿಗೆ ಕಾವಲಿನ ಕೆಲಸ. ಬ್ರಿಟಿಷ್ ನೌಕಾಪಡೆಯ ‘ವಾಕರ್’ ಅಂಥದೊಂದು.

ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಕಟ್ಟಿದ ವಾಕರ್ 1917ರ ನವೆಂಬರಿನಲ್ಲಿ ನೀರಿಗಿಳಿಯಿತು. 312 ಅಡಿ ಉದ್ದ, ನಾಲ್ಕು ತೋಪು, 34 ನಾಟ್ ವೇಗ. ಮರುವರ್ಷವೇ ಯುದ್ಧ ಮುಗಿಯಿತು. ಆದರೂ ಅದಕ್ಕೆ ಗುಂಡಿನ ರುಚಿ ತಪ್ಪಲಿಲ್ಲ. ರಷ್ಯದ ಅಂತರ್ಯುದ್ಧದಲ್ಲಿ ಬ್ರಿಟನ್ ತಲೆಹಾಕಿತಷ್ಟೆ. 1919ರ ಮೇ 31ರಂದು ಪೆಟ್ರೋಗ್ರಾಡಿನ ಹೊರಗಿನ ಸಮುದ್ರದಲ್ಲಿ ‘ಪೆಟ್ರೋಪಾವ್ಲೊವ್ಸ್ಕ್’ ಎಂಬ ಭಾರಿ ಯುದ್ಧನೌಕೆಯ ಎದುರು ಸಿಕ್ಕಿ, ಏಟು ತಿಂದು, ಪಾರಾಯಿತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. 1939ರ ಸೆಪ್ಟೆಂಬರಿನಲ್ಲಿ ಮತ್ತೆ ಕರೆ ಬಂತು. ಶತ್ರುವಿನ ಮುಖ ಕಾಣುವ ಮೊದಲೇ ತನ್ನದೇ ಪಡೆಯ ‘ವ್ಯಾಂಕ್ವಿಷರ್’ ಹಡಗಿಗೆ ಡಿಕ್ಕಿ ಹೊಡೆದು ನಾವಿಕರು ಸತ್ತರು. ಮುದಿ ಹಡಗಿಗೆ ಇದು ಶುಭಶಕುನವಲ್ಲ.

ಈಗ 1941ರ ಮಾರ್ಚ್ 16ರ ರಾತ್ರಿಗೆ ಬನ್ನಿ. ಕೆನಡದ ಹ್ಯಾಲಿಫ್ಯಾಕ್ಸಿನಿಂದ ಬ್ರಿಟನ್ನಿಗೆ ಸರಕು ತರುತ್ತಿದ್ದ 41 ಹಡಗುಗಳ ಸಾಲಿಗೆ ವಾಕರ್ ಕಾವಲು. ಕ್ಯಾಪ್ಟನ್ ಡೊನಾಲ್ಡ್ ಮ್ಯಾಕಿಂಟೈರ್. ನೀರಿನಡಿಯ ಸಬ್‌ಮೆರೀನನ್ನು ಪ್ರತಿಧ್ವನಿಯಿಂದ ಹಿಡಿಯುವ ‘ಆ್ಯಸ್ಡಿಕ್’ ಯಂತ್ರ ಅವನ ಬಳಿ ಇತ್ತು. ಜರ್ಮನಿಯ ಓಟ್ಟೊ ಕ್ರೆಚ್ಮರ್ ಅದಕ್ಕೂ ಉಪಾಯ ಕಂಡಿದ್ದ: ರಾತ್ರಿ ನೀರಿನ ಮೇಲೆಯೇ ತೇಲಿಬಂದು, ಸರಕು ಹಡಗುಗಳ ನಡುವೆಯೇ ಸೇರಿ ಟಾರ್ಪೆಡೊ ಬಿಡುವುದು. ಕಳ್ಳ ಜಾತ್ರೆಯ ಗುಂಪಿನಲ್ಲೇ ನಿಂತರೆ ಕಾವಲುಗಾರ ಬೇಲಿಯಾಚೆ ಹುಡುಕಿ ಫಲವೇನು? ಅಂದು ಅವನ ಯು-99 ಆರು ಹಡಗುಗಳಿಗೆ ಹೊಡೆಯಿತು, ಐದು ಉಳಿಯಲಿಲ್ಲ. ಕಣ್ಣೆದುರಿಗೆ ತೈಲದ ಹಡಗು ಉರಿಯುತ್ತಿದ್ದರೂ ಮ್ಯಾಕಿಂಟೈರನಿಗೆ ಶತ್ರು ಕಾಣಲಿಲ್ಲ.

ಬೆಳಗಿನ ಜಾವಕ್ಕೆ ದೆಸೆ ತಿರುಗಿತು. ಏಟು ತಿಂದ ಇನ್ನೊಂದು ಸಬ್‌ಮೆರೀನು, ಯು-100, ಮೇಲಕ್ಕೆದ್ದಾಗ ಜೊತೆಯ ಡಿಸ್ಟ್ರಾಯರ್ ‘ವ್ಯಾನಕ್’ನ ರಡಾರ್ ಅದನ್ನು ಕತ್ತಲಲ್ಲಿ ಪತ್ತೆಹಚ್ಚಿತು. ರಡಾರ್ ನಿಮ್ಮ ಮನೆಯ ರೇಡಿಯೋದ ಸೋದರನೇ. ಆದರೆ ತಾನೇ ಅಲೆಗಳನ್ನೆಸೆದು, ತಾನೇ ಅವುಗಳ ಮರುದನಿ ಕೇಳುತ್ತದೆ. ವ್ಯಾನಕ್ ನೇರವಾಗಿ ಹಾಯ್ದು ಯು-100ನ್ನು ಮುಳುಗಿಸಿತು. ಬದುಕಿದವರು ಆರು ಮಂದಿ.

ವ್ಯಾನಕ್ ಅವರನ್ನು ನೀರಿನಿಂದ ಎತ್ತಿಕೊಳ್ಳುತ್ತಿರಲು, ವಾಕರ್ ಸುತ್ತು ಹಾಕಿ ಕಾಯುತ್ತಿತ್ತು. ಹತ್ತಿರದಲ್ಲೇ ಹೋಗುತ್ತಿದ್ದ ಯು-99ರ ಕಾವಲಿನವನು ಡಿಸ್ಟ್ರಾಯರ್ ಕಂಡು ಗಾಬರಿಯಾಗಿ ಹಡಗನ್ನು ಮುಳುಗಿಸಿದ. ಮೇಲೆಯೇ ಇದ್ದಿದ್ದರೆ ಕತ್ತಲಲ್ಲಿ ಜಾರಿಹೋಗುತ್ತಿತ್ತೇನೋ. ಮುಳುಗಿದ್ದರಿಂದ ಆ್ಯಸ್ಡಿಕ್‌ಗೆ ಸಿಕ್ಕಿತು. ಕಲಕಿದ ನೀರಿನ ಸದ್ದಿರಬಹುದೆಂದು ಮ್ಯಾಕಿಂಟೈರ್ ಮೊದಲು ನಂಬಲಿಲ್ಲ; ಯಂತ್ರದ ಮುಂದಿದ್ದ ನಾವಿಕ ಪಟ್ಟು ಬಿಡಲಿಲ್ಲ. ಸ್ಫೋಟಕಗಳು ಬಿದ್ದವು. ಜಖಂಗೊಂಡ ಯು-99 ಮೇಲೆದ್ದಿತು. ಕ್ರೆಚ್ಮರ್ ದೀಪದ ಸಂಕೇತದಿಂದ, ತೇಲಿಬರುತ್ತಿರುವ ತನ್ನವರನ್ನು ಉಳಿಸುವಂತೆ ಕೇಳಿಕೊಂಡ. ವಾಕರ್ ಉಳಿಸಿತು: 43 ಮಂದಿಯಲ್ಲಿ 40. ಅದೇ ರಾತ್ರಿ ಕ್ರೆಚ್ಮರನೇ ಮುಳುಗಿಸಿದ್ದ ‘ಜೆ. ಬಿ. ವೈಟ್’ ಹಡಗಿನವರೂ ಅದರಲ್ಲಿದ್ದರು. ಕೊಂದವರೂ ಸಾವಿನಿಂದ ಪಾರಾದವರೂ ಒಂದೇ ಹಡಗಿನ ಅತಿಥಿಗಳು! ಎರಡನೆಯ ಮಹಾಯುದ್ಧದಲ್ಲಿ ಟನ್ನಿನ ಲೆಕ್ಕದಲ್ಲಿ ಅತ್ಯಧಿಕ ಹಡಗುಗಳನ್ನು ಮುಳುಗಿಸಿದ ಜರ್ಮನ್ ಸಬ್‌ಮೆರೀನ್ ನಾಯಕನನ್ನು ಹಿಡಿದದ್ದು ಕಳೆದ ಯುದ್ಧದ ಈ ಮುದಿ ಹಡಗು.

1943ರಲ್ಲಿ ಒಂದು ಬಾಯ್ಲರನ್ನು ಕಿತ್ತು, ಆ ಜಾಗಕ್ಕೆ ಎಣ್ಣೆ ತುಂಬಿಸಿ ಅದನ್ನು ದೂರದ ಕಾವಲಿಗೆ ಸಜ್ಜುಗೊಳಿಸಿದರು. ವೇಗ ತಗ್ಗಿತು, ಅಳವು ಹೆಚ್ಚಿತು. ಉತ್ತರ ಧ್ರುವದತ್ತ ರಷ್ಯಕ್ಕೆ ಹೋಗುವ ಸಾಲುಗಳನ್ನೂ ಕಾಯಿತು. ಒಮ್ಮೆ ಗುಂಡು ಹಾರಿಸಿದ ದೇಶಕ್ಕೇ ಸರಕು ತಲುಪಿಸುವ ಕಾವಲು! 1946ರಲ್ಲಿ ಗುಜರಿಗೆ ಮಾರಿದ ವಾಕರನ್ನು ಸ್ಕಾಟ್ಲೆಂಡಿನ ಟ್ರೂನ್ ಬಂದರಿನಲ್ಲಿ ಒಡೆದರು.