ಅಂಗಳದಿಂದ ಅಕ್ಷರಕ್ಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಿದ್ಯಾಭ್ಯಾಸದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಹೈಸ್ಕೂಲು, ಕಾಲೇಜುಗಳಿಂದ ತೊಡಗುತ್ತಾರೆ. ಅದರ ಮೊದಲ ಅಧ್ಯಾಯವು ಆರು ವರ್ಷ ತುಂಬದ ಮಗುವಿಗೆ ಸಲ್ಲಬೇಕೆಂದು ನನ್ನ ಎಣಿಕೆ.

ಈ ಸೀಮೆಯ ಹೆಚ್ಚಿನ ಮನೆಗಳ ಮಾತು ತುಳು. ಕೆಲವು ಮನೆಗಳಲ್ಲಿ ಬ್ಯಾರಿ, ಕೊಂಕಣಿ. ಶಾಲೆಯ ಪುಸ್ತಕವಾದರೋ ಕನ್ನಡ. ಉಳ್ಳವರ ಮನೆಯಲ್ಲಿ ಪುಸ್ತಕ, ಪತ್ರಿಕೆ, ಪುರಾಣವಾಚನಗಳು ಈ ಎರಡು ದಡಗಳ ನಡುವೆ ಸಂಕ ಹಾಕುತ್ತಿದ್ದುವು. ಗೇಣಿ ಒಕ್ಕಲ ಮಗುವಿಗೆ ಆ ಸಂಕವಿರಲಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಅಧ್ಯಾಪಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ದುಡಿದ ಆ ಮಹನೀಯರು ಶಿಶುಗೀತಗಳನ್ನು ಬರೆದರು. ಭಾಷೆಯು ಕಣ್ಣಿಗಿಂತ ಮೊದಲು ನಾಲಗೆಗೆ ಬರಬೇಕೆಂಬ ತತ್ತ್ವ ಅವುಗಳಲ್ಲಿ ಅಡಗಿದೆ.

ಆದರೆ ಹಾಡು ದೊರೆತುದು ಶಾಲೆಗೆ ಬಂದವರಿಗೆ. ಬಾರದವರ ಗತಿಯೇನು? ತಾಯಿ ಗದ್ದೆಗೆ ಹೋದರೆ, ಇಲ್ಲವೆ ಬೀಡಿ ಕಟ್ಟಲು ಕುಳಿತರೆ, ಕೂಸನ್ನು ಸೊಂಟದಲ್ಲಿ ಹೊರುವವಳು ಎಂಟು ವರ್ಷದ ಅಕ್ಕ. ತಮ್ಮನ ಬಾಲ್ಯಕ್ಕಾಗಿ ಅವಳ ಪಾಟಿ, ಬಳಪಗಳು ಮೂಲೆ ಸೇರುತ್ತಿದ್ದುವು.

ಈ ಗಂಟನ್ನು ಬಿಡಿಸಲು ಯತ್ನಿಸಿದವರಲ್ಲಿ ತಾರಾಬಾಯಿ ಮೋಡಕರು ಮುಖ್ಯರು. 1945ರಲ್ಲಿ, ಅಂದಿನ ಮುಂಬಯಿ ಪ್ರಾಂತ್ಯದ ಬೋರ್ಡಿಯಲ್ಲಿ, ಅನುತಾಯಿ ವಾಘರೊಡನೆ ಅವರು ಶಾಲೆಯನ್ನೇ ಬಡವರ ಅಂಗಳಕ್ಕೆ ಕೊಂಡೊಯ್ದರು. ಮುಂದೆ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ತಿರುಮಕೂಡಲು ನರಸೀಪುರ. ಕ್ರಮೇಣ ಅಂಗನವಾಡಿಯು ನಮ್ಮ ನೇತ್ರಾವತಿಯ ದಡಕ್ಕೂ ಬಂದಿತು. ಕೂಸಿಗೆ ಊಟ, ಹಾಡು, ಕನ್ನಡ, ಅಕ್ಕನಿಗೆ ಶಾಲೆ, ತಾಯಿಗೆ ನಿಶ್ಚಿಂತೆಯ ನಾಲ್ಕು ಗಳಿಗೆ.

ಇದರ ಫಲ ಎಷ್ಟು ಕಾಲ ನಿಲ್ಲುತ್ತದೆ? ಅಮೆರಿಕದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 123 ಮಂದಿ ಬಡ ನೀಗ್ರೋ ಜನಾಂಗದ—ಇಂದಿನ ಮಾತಿನಲ್ಲಿ ಕಪ್ಪು ಜನಾಂಗದ—ಮಕ್ಕಳನ್ನು ಆರಿಸಿ, 58 ಮಂದಿಗೆ ಶಿಶುಶಿಕ್ಷಣ ಕೊಟ್ಟು, ಎಲ್ಲರನ್ನೂ ನಲವತ್ತರ ವಯಸ್ಸಿನವರೆಗೆ ಗಮನಿಸಿದರು. ಬುದ್ಧಿಪರೀಕ್ಷೆಯಲ್ಲಿ ಕಂಡ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿತು. ಆದರೂ ಆ 58 ಮಂದಿಯಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಅವರ ಗಳಿಕೆ ಹೆಚ್ಚು, ಸೆರೆಮನೆಯ ಹಾದಿ ಹಿಡಿದವರು ಕಡಮೆ. ಅಲ್ಲಿ ತರಬೇತಾದ ಶಿಕ್ಷಕರಿದ್ದರು, ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು ಎಂಬುದನ್ನು ಮರೆಯಲಾಗದು. ಹೆಸರು ಮಾತ್ರ ಒಂದಾದರೆ ಫಲ ಒಂದಾಗದು.

ಬೀಡಿ ಕಟ್ಟಿದ ತಾಯಂದಿರ ಮಕ್ಕಳು ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದಿದ್ದಾರೆ. ಅವರಿಗೆ ಮೊದಲ ಕನ್ನಡವನ್ನು ಕಲಿಸಿದಾಕೆಗೆ ನಾವು ಇಂದಿಗೂ ಕೊಡುವುದು ಸಂಬಳವಲ್ಲ, ‘ಗೌರವಧನ’. ಆ ಶಬ್ದದ ಎರಡು ಭಾಗಗಳಲ್ಲಿ ಯಾವುದನ್ನು ನಾವು ನಿಜವಾಗಿ ಸಲ್ಲಿಸಿದ್ದೇವೆ ಎಂಬುದನ್ನು ವಾಚಕರೇ ವಿಚಾರಿಸಲಿ.