ಬಲವರ್ಧಿತ ಮಣ್ಣಿನ ತಡೆಗೋಡೆ

ಪದರ ಪದರವಾಗಿ ತುಂಬಿದ ಮಣ್ಣಿನೊಳಗೆ ಉಕ್ಕಿನ ಪಟ್ಟಿ ಅಥವಾ ಜಿಯೋಗ್ರಿಡ್ (ಪ್ಲಾಸ್ಟಿಕ್ ಜಾಲರಿ) ಹಾಸಿ, ಮುಂಬದಿಗೆ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿ ಕಟ್ಟುವ ಗೋಡೆ. ಕಾಮಗಾರಿ ಸ್ಥಳಗಳಲ್ಲಿ ಇದನ್ನು ಆರ್‌ಇ ವಾಲ್ ಎನ್ನುವುದು ರೂಢಿ. ಆಧುನಿಕ ವಿಧಾನವನ್ನು ರೂಪಿಸಿದವರು ಫ್ರೆಂಚ್ ಎಂಜಿನಿಯರ್ ಆನ್ರಿ ವಿದಾಲ್. 1963ರಲ್ಲಿ ಪೇಟೆಂಟ್ ಪಡೆದರು. ಆರಂಭದ ಗೋಡೆಗಳಿಗೆ ಲೋಹದ ಮುಖವಿತ್ತು. ಕಾಂಕ್ರೀಟ್ ಫಲಕ 1970ರ ದಶಕದಲ್ಲಿ ಬಳಕೆಗೆ ಬಂತು.

ಗೋಡೆಯನ್ನು ನಿಲ್ಲಿಸುವುದು ಮಣ್ಣಿಗೂ ಪಟ್ಟಿಗೂ ನಡುವಿನ ಘರ್ಷಣೆ. ಫಲಕದ ಕೆಲಸ ಮುಖ್ಯವಾಗಿ ಮುಂಬದಿಯ ಮಣ್ಣು ಜಾರದಂತೆ ತಡೆಯುವುದು. ಪಟ್ಟಿಯ ಉದ್ದ ಸಾಮಾನ್ಯವಾಗಿ ಗೋಡೆಯ ಎತ್ತರದ ಸುಮಾರು 0.7 ಪಟ್ಟು.

ಕಟ್ಟುವಾಗ ಮೊದಲು ನೆಲದ ಮೇಲೆ ಮಟ್ಟಸವಾದ ಕಾಂಕ್ರೀಟ್ ಹಾಸು ಹಾಕಿ, ಮೇಲಂಚಿನ ಕೊಕ್ಕೆಗಳಿಗೆ ಸರಪಳಿ ಬಿಗಿದು ಕ್ರೇನ್‌ನಿಂದ ಮೊದಲ ಸಾಲಿನ ಫಲಕಗಳನ್ನು ಇಳಿಸುತ್ತಾರೆ. ಆನಿಕೆ ಕೊಟ್ಟು, ಮರದ ಬೆಣೆ ಹೊಡೆದು, ಫಲಕವನ್ನು ತುಸು ಒಳಕ್ಕೆ ವಾಲಿಸಿ ನಿಲ್ಲಿಸುವುದುಂಟು: ಮಣ್ಣು ದಮ್ಮಸು ಮಾಡುವಾಗ ಅದು ಹೊರಕ್ಕೆ ಸರಿದು ನೆಟ್ಟಗಾಗುತ್ತದೆ. ಅಡ್ಡ ಸಂದಿಗೆ ರಬ್ಬರ್ ತುಂಡು; ನೀರು ಹೊರಬಂದು ಮಣ್ಣು ಒಳಗೇ ಉಳಿಯಲು ಸಂದಿಗಳ ಹಿಂದೆ ಸೋಸುಬಟ್ಟೆ. ಫಲಕದ ಸಮೀಪ ಭಾರಿ ರೋಲರ್ ಓಡಿಸುವುದಿಲ್ಲ, ಕೈಯಿಂದ ನಡೆಸುವ ಹಗುರ ಯಂತ್ರವೇ ಬೇಕು.

ಸಾಂಪ್ರದಾಯಿಕ ಕಲ್ಲಿನ ಅಥವಾ ಕಾಂಕ್ರೀಟ್ ಗೋಡೆಗಿಂತ ಇದು ನೆಲದ ಅಲ್ಪ ಕುಸಿತವನ್ನು ಚೆನ್ನಾಗಿ ತಾಳುತ್ತದೆ. ನೀರು ಬಸಿಯದ ಜೇಡಿಮಣ್ಣು ತುಂಬುವುದು ಇದರ ದೊಡ್ಡ ಶತ್ರು. ಮುಖ ಉಬ್ಬಲು ಹಲವೆಡೆ ಅದೇ ಕಾರಣ. ಮೇಲ್ಸೇತುವೆಗಳ ಏರುದಾರಿಗೆ ಭಾರತದಲ್ಲಿ ವ್ಯಾಪಕ ಬಳಕೆಯಲ್ಲಿದ್ದು, ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ.